ಚಕ್ಕುಬಂದಿ

ಕೀಲಿ ತಿರುವಿದರೆ ಟಕ್. ಅಷ್ಟೇ.
ಹೇಳಲು ಹೊರಟ ನಾಲಗೆ ಅಂಗುಳಕ್ಕೆ ತಾಗಿ ಸುಮ್ಮನಾದ ಹಾಗೆ.
ಆವಣಿಯಲ್ಲಿ, ಪಿಳ್ಳಮ್ಮನ ಮನೆ ಮುಂದೆ,
ಹುಣಸೆಯ ಅರೆನೆರಳಿಗೆ ಮೂತಿ ಇಟ್ಟು
ನಿಂತೇಬಿಟ್ಟಿತು ನನ್ನ ಮಾರುತಿ ಎಂಟುನೂರು.
ಹಿಂದಿನ ಸೀಟಲ್ಲಿ ಪಿಳ್ಳಮ್ಮ,
ಮಡಿಲಲ್ಲಿ ಆಧಾರ್ ಕಾರ್ಡು, ನಾಲ್ಕು ಫೋಟೊ, ಎಲೆಅಡಿಕೆ ಚೀಲ.
ಮುಳಬಾಗಿಲಿನಿಂದ ಅವಳ ತಮ್ಮನ ಫೋನು:
"ನಮ್ದು ಇಪ್ಪತ್ತೇಳನೇ ಟೋಕನ್ ಮೇಡಂ,
ಈಗ ಹತ್ತೊಂಬತ್ತು ನಡೀತಾ ಐತೆ."

ನಾನು ಪತ್ರ ಬರೆಯುವವಳು.
ಕ್ರಯ, ದಾನ, ವಿಭಾಗ, ಹಕ್ಕುಬಿಡುಗಡೆ.
ಬಾನೆಟ್ಟಿನ ಕೆಳಗಿನದು ನನ್ನ ಪಾಲಿಗೆ ಪಹಣಿ ಇಲ್ಲದ ಜಮೀನು.
ಬ್ಯಾಟರಿ ಸತ್ತಿದೆ ಅಂದ ಒಬ್ಬ, ಹೊಸದು ಹಾಕಿಸಿದೆ.
ಸೆಲ್ಫು ಹೋಗಿದೆ ಅಂದ ಇನ್ನೊಬ್ಬ, ಬಿಚ್ಚಿಸಿ ಕಾರ್ಬನ್ ಬದಲಾಯಿಸಿದೆ.
ಎರಡಕ್ಕೂ ರಸೀತಿ ಇದೆ.
ಖಾತೆ ಮಾತ್ರ ಆಗಲಿಲ್ಲ.

ಮುದಸ್ಸಿರ್ ಬಂದ, ಟಿವಿಎಸ್ಸಿನ ಹ್ಯಾಂಡಲಿಗೆ ಚೀಲ ತೂಗಿಸಿಕೊಂಡು.
ಬಂದವನು ಏನನ್ನೂ ಬಿಚ್ಚಲಿಲ್ಲ.
"ಹೆಡ್‌ಲೈಟ್ ಹಾಕಿ. ಈಗ ಕೀಲಿ ತಿರುವಿ."
ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನೋಡಿದ.
ದೀಪ ಮಂಕಾಗಲಿಲ್ಲ.
ಸೆಲ್ಫಿನ ದಪ್ಪ ವೈರಿಗೆ ಟೆಸ್ಟ್ ಲ್ಯಾಂಪು ಮುಟ್ಟಿಸಿದ,
ಅದೂ ಉರಿಯಿತು.
"ಕರೆಂಟು ಹೊಸಿಲ ತನಕ ಬಂದೈತೆ" ಅಂದ, ತನಗೆ ತಾನೇ.

ನೋಡುತ್ತ ನಿಂತವಳಿಗೆ ಕೈ ತುರಿಸಿತು,
ಮನಸ್ಸಿನಲ್ಲೇ ಷೆಡ್ಯೂಲು ಬರೆದೆ:
ಪೂರ್ವಕ್ಕೆ ಬ್ಯಾಟರಿ, ಹನ್ನೆರಡೂವರೆ ವೋಲ್ಟು.
ಪಶ್ಚಿಮಕ್ಕೆ ಕೀಲಿ, ತಕರಾರಿಲ್ಲ.
ಉತ್ತರಕ್ಕೆ ಫ್ಯೂಸು, ಸುಟ್ಟಿಲ್ಲ.
ದಕ್ಷಿಣಕ್ಕೆ ನನ್ನದೇ ದುಡ್ಡಿನ ಸೆಲ್ಫು.
ಈ ಮಧ್ಯೆ ಇರುವ ಸ್ವತ್ತೇ
ಸದರಿ ತಪ್ಪು.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಇಂಜಿನ್ನಿನ ಬರೀ ಮೈಗೆ.
"ತಿರುವಿ ಮೇಡಂ."
ಸೊನ್ನೆ ಇರಬೇಕಾದಲ್ಲಿ ಎಂಟೂ ಚಿಲ್ಲರೆ.
ತಲೆ ಎತ್ತದೆ ಅಂದ: "ಅರ್ತಿಲ್ಲ."

"ನಂಗೂ ಆಗಿಲ್ಲ ಬಿಡಪ್ಪ," ಹಿಂದಿನ ಸೀಟಿನಿಂದ ಪಿಳ್ಳಮ್ಮ,
"ಬಿರ್ರನೆ ಓದ್ಬಿಟ್ಲು ಈಯಮ್ಮ."

ಅವನು ನಕ್ಕ. ನಾನು ನಗಲಿಲ್ಲ.
"ಅದಲ್ಲಜ್ಜಿ, ಹೋಗೋ ದಾರಿ ಕೆಂಪು ವೈರು, ಎಲ್ರೂ ಅದನ್ನೇ ನೋಡ್ತಾರೆ.
ವಾಪಸ್ ಬರೋ ದಾರಿ ಗಾಡಿ ಮೈಯಾಗೇ ಇರ್ತೈತೆ.
ಅದು ಕಿಲುಬು ಹಿಡಿದ್ರೆ ಎಷ್ಟು ಕೊಟ್ರೂ ತಿರುಗಲ್ಲ."

ಕಾರಿನ ಕೆಳಗೆ ತೂರಿ ಅರ್ತಿನ ಜಡೆಪಟ್ಟಿ ಬಿಚ್ಚಿ ತಂದ.
ತುದಿಯಲ್ಲಿ ಹಸಿರು ಬೂಷ್ಟು,
ಉಪ್ಪಿನಕಾಯಿ ಜಾಡಿಯ ತಳದ ತಾಮ್ರದ ಕಾಸಿನಂತೆ.
ಉಪ್ಪುಕಾಗದದಿಂದ ಉಜ್ಜಲು ಕೂತ.

ಸರ ಸರ ಸರ.
ಆ ಸದ್ದಿನ ನಡುವೆ ಫೈಲು ಬಿಚ್ಚಿ ಮತ್ತೆ ಓದಿದೆ,
ಈ ಸಲ ಅವಳ ಮಾತಿನಲ್ಲಿ.
ಯಾವುದೇ ಪ್ರತಿಫಲ ಪಡೆಯದೆ ಅಂದರೆ ದುಡ್ಡು ಇಸ್ಕೊಳ್ಳದೆ.
ಸ್ವ-ಇಚ್ಛೆಯಿಂದ ಅಂದರೆ ಯಾರೂ ಹೇಳಿಕೊಡದೆ.
ವಂಶಪಾರಂಪರ್ಯವಾಗಿ ಅಂದರೆ
ನಿನ್ನ ಮಗಳೂ ಕೇಳಂಗಿಲ್ಲ, ಅವಳ ಮಕ್ಕಳೂ.
"ಬಾವಿ ಹೊಲಾನೂ ಸೇರ್ತಾ?"
ಸೇರಿದೆ.
ಅಗಿಯುತ್ತಿದ್ದ ದವಡೆ ನಿಂತಿತು.

ಪಟ್ಟಿ ಬಿಗಿದ, ವ್ಯಾಸಲೀನ್ ಸವರಿದ.
ಒಂದೇ ತಿರುವಿಗೆ ಇಂಜಿನ್ನು ಎದ್ದಿತು,
ಹುಣಸೆಯಿಂದ ಎರಡು ಗೊರವಂಕ ಹಾರಿದವು.
ನೂರೈವತ್ತು ಕೊಟ್ಟು, ಅಭ್ಯಾಸಬಲದಿಂದ ರಸೀತಿ ಕೇಳಿದೆ.
ಬೀಡಿಕಟ್ಟಿನ ಹಿಂದೆ ಬರೆದುಕೊಟ್ಟ:
ಅರ್ಥ ತೊಳೆದಿದ್ದಕ್ಕೆ, ೧೫೦.
ಇಪ್ಪತ್ತೆರಡು ವರ್ಷದಿಂದ ದೀರ್ಘ, ಒತ್ತು ತಿದ್ದಿದ ಕೈ
ಪೆನ್ನು ತೆಗೆಯಲಿಲ್ಲ.

ಫೋನು ಬಡಿದುಕೊಳ್ಳುತ್ತಿತ್ತು. ಇಪ್ಪತ್ತಾರು ಕರೆದಿರಬೇಕು.
"ಗಾಡಿ ಆರಿಸ್ಬೇಡ, ಮತ್ತೆ ಸುರು ಆಗ್ತದೋ ಇಲ್ವೋ,"
ಪಿಳ್ಳಮ್ಮ ಬಾಗಿಲು ತೆಗೆದು ಎಲೆರಸ ಉಗಿದಳು.
"ಆ ಬಾವಿ ಹೊಲದ ಸಾಲು
ಇನ್ನೊಂದ್ಸಲ ಓದು."